ಪೋರ್ಷೆ ಬಾಕ್ಸ್‌ಸ್ಟರ್ ಕೀಯ ತಲೆ ಒಡೆದಿದೆ, ಕವರ್ ಬದಲಾಯಿಸಿದವರು ಇದ್ದೀರಾ?

ಕುಂಬಳೆಯಿಂದ ಪ್ರಶ್ನೆ: ಅಣ್ಣನ ಹತ್ತಿರ 2001ರ ಬಾಕ್ಸ್‌ಸ್ಟರ್ ಉಂಟು, 986 ಮಾಡೆಲ್. ಕೀಯ ತಲೆ ಬಿರುಕು ಬಿಟ್ಟಿದೆ, ಬಟನ್ ಮೇಲಿನ ರಬ್ಬರ್ ತೂತಾಗಿದೆ. ಕಾರು ಸ್ಟಾರ್ಟ್ ಆಗುತ್ತದೆ, ರಿಮೋಟ್ ಒಮ್ಮೊಮ್ಮೆ ಕೆಲಸ ಮಾಡುವುದಿಲ್ಲ. ಆನ್‌ಲೈನ್‌ನಲ್ಲಿ ಖಾಲಿ ಕವರ್ ಸಿಗುತ್ತದೆ. ಅದು ಸಾಕಾ, ಇಲ್ಲಾ ಹೊಸ ಕೀಯೇ ಮಾಡಿಸಬೇಕಾ?

ಉಪ್ಪಳದಿಂದ: ಕವರ್ ಸಾಕು, ಹೊಸ ಕೀಗೆ ದುಡ್ಡು ಸುರಿಯಬೇಡಿ. ನಾನೂ ಇದೇ ಮಾಡೆಲಿನ ಕೀಗೆ ಹಾಕಿದ್ದೇನೆ. ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ, ಹಳೆಯ ತಲೆಯನ್ನು ಬಿಸಾಡಬೇಡಿ ಮಾರಾಯ್ರೆ. ಅದರೊಳಗೆ ರಿಮೋಟಿನ ಬೋರ್ಡ್ ಬೇರೆ, ಇಮೊಬಿಲೈಜರ್ ಚಿಪ್ (ಕೀ ಈ ಕಾರಿನದೇ ಅಂತ ಕಾರಿಗೆ ತಿಳಿಸುವ, ಕಳ್ಳತನ ತಡೆಯುವ ಚಿಪ್) ಬೇರೆ. ಚಿಪ್ ಅಂದರೆ ಕುಚ್ಚಲಕ್ಕಿ ಕಾಳಿನಷ್ಟು ಸಣ್ಣದು, ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಕೂತಿರುತ್ತದೆ, ನೋಡಿದರೆ ಏನೋ ಕಸ ಅನ್ನಿಸಬಹುದು. ಅದಕ್ಕೆ ಬ್ಯಾಟರಿ ಬೇಡ, ಇಗ್ನಿಷನ್ ಸುತ್ತಲಿನ ಕಾಯಿಲ್‌ನಿಂದಲೇ ಅದು ಎಚ್ಚರವಾಗುತ್ತದೆ. ಅದಕ್ಕೇ ನಿಮ್ಮ ರಿಮೋಟ್ ಕೈಕೊಟ್ಟರೂ ಎಂಜಿನ್ ಸ್ಟಾರ್ಟ್ ಆಗುತ್ತಿರುವುದು. ಚಿಪ್ ಹೋಯಿತೆಂದರೆ ಬ್ಲೇಡ್, ಅಂದರೆ ಕೀಯ ಲೋಹದ ಭಾಗ, ಎಷ್ಟು ಸರಿಯಾಗಿ ತಿರುಗಿದರೂ ಎಂಜಿನ್ ಹತ್ತುವುದಿಲ್ಲ. ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ, ಒಡೆಯುತ್ತದೆ. ಸುತ್ತಲಿನ ಪ್ಲಾಸ್ಟಿಕ್ಕನ್ನು ತೆಳು ಚಾಕುವಿನಿಂದ ನಿಧಾನಕ್ಕೆ ಕೆರೆದು ಬಿಡಿಸಿ, ಹೊಸ ಕವರಿನಲ್ಲಿ ಅದೇ ಜಾಗಕ್ಕೆ ಕೂರಿಸಿ, ಅಂಟು ಒಂದು ಹನಿ ಸಾಕು. ಪೂರ್ತಿ ಮುಚ್ಚುವ ಮೊದಲೇ ಒಮ್ಮೆ ಕಾರು ಸ್ಟಾರ್ಟ್ ಮಾಡಿ ನೋಡಿಬಿಡಿ.

ಬ್ಲೇಡ್ ವಿಷಯ. ಕವರಿನ ಜೊತೆ ಬರುವುದು ಕೊರೆಯದ ಖಾಲಿ ಬ್ಲೇಡ್. ಹಳೆಯದನ್ನೇ ಕಳಚಿ ಹಾಕಲು ಬರುವಂತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಕೊರೆಸಬೇಕು, ಇದು ಅಂಚಿನಲ್ಲಿ ಹಲ್ಲಿರುವ ಕೀ ಅಲ್ಲ, ನಡುವೆ ಹಾವಿನ ಹಾಗೆ ಗೀರು ಹೋಗಿರುತ್ತದಲ್ಲ, ಅದಕ್ಕೆ ಬೇರೆ ಮೆಷಿನ್ ಬೇಕು, ಪೇಟೆ ಬದಿಯ ಸಾಮಾನ್ಯ ಕೀ ಅಂಗಡಿಯಲ್ಲಿ ಆಗುವುದಿಲ್ಲ. ಮಂಗಳೂರಿನಲ್ಲಿ ವಿಚಾರಿಸಿ. ಜಾಸ್ತಿ ಬಳಸದ ಇನ್ನೊಂದು ಕೀ ಮನೆಯಲ್ಲಿದ್ದರೆ ಅದನ್ನು ನೋಡಿ ಕೊರೆಸಿ, ಸವೆದದ್ದನ್ನು ನೋಡಿ ಕೊರೆದರೆ ಸವಕಳಿಯೂ ಹಾಗೇ ಬರುತ್ತದೆ.

ಮಂಜೇಶ್ವರದಿಂದ: ರಿಮೋಟ್ ಒಮ್ಮೊಮ್ಮೆ ಸತಾಯಿಸುತ್ತದೆ ಅಂದಿರಲ್ಲ, ರಬ್ಬರ್ ತೂತಾಗಿದ್ದರೆ ಒಳಗೆ ಬೆವರು, ತೇವ ಎಲ್ಲ ಹೋಗಿರುತ್ತದೆ. ನಮ್ಮ ಕಡಲ ಬದಿಯ ಗಾಳಿಗೆ ಬ್ಯಾಟರಿಯ ತಗಡು ಹಸಿರುಗಟ್ಟಿರುತ್ತದೆ. ಬೋರ್ಡ್ ಹೊರಗೆ ತೆಗೆದಾಗ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆಯ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಒಣಗಲು ಬಿಡಿ, ಹೊಸ ಬ್ಯಾಟರಿ ಹಾಕಿ. ಆಮೇಲೂ ಗಟ್ಟಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ ಎಂದಾದರೆ ಬಟನ್ ಕೆಳಗಿನ ಪುಟ್ಟ ಸ್ವಿಚ್ ಸವೆದಿದೆ. ಮೊಬೈಲ್ ರಿಪೇರಿ ಮಾಡುವವರು ಅದನ್ನು ಬಿಡಿಸಿ ಹೊಸದು ಬೆಸುಗೆ ಹಾಕಿಕೊಡುತ್ತಾರೆ. ಬೋರ್ಡ್ ಅದೇ ಆದ್ದರಿಂದ ಕಾರಿಗೆ ಮತ್ತೆ ಪ್ರೋಗ್ರಾಮ್ ಮಾಡುವ ಕೆಲಸ ಇಲ್ಲ. ಕವರ್ ತರಿಸುವಾಗ ಬಟನ್ ಎಷ್ಟು ಅಂತ ನೋಡಿಯೇ ತರಿಸಿ.

ಬದಿಯಡ್ಕದಿಂದ: ಇಬ್ಬರೂ ಹೇಳಿದ್ದು ಸರಿ, ನನ್ನದೊಂದು ಸೇರಿಸುತ್ತೇನೆ. ಕೀ ಸರಿ ಮಾಡಿದ ಮೇಲೂ ಮಳೆಗಾಲದಲ್ಲಿ ರಿಮೋಟ್ ನಿಂತರೆ, ಕಾರೇ ಸ್ಟಾರ್ಟ್ ಆಗದಿದ್ದರೆ, ಕೀಯನ್ನು ದೂರಬೇಡಿ. ಈ ಕಾರಿನಲ್ಲಿ ಕೀಯ ಚಿಪ್ ಸರಿಯಿದೆಯಾ ಎಂದು ನೋಡುವ ಇಮೊಬಿಲೈಜರಿನ ಪೆಟ್ಟಿಗೆ ಸೀಟಿನ ಕೆಳಗೆ, ನೆಲದ ಮ್ಯಾಟ್‌ಗೆ ತಾಗಿಕೊಂಡೇ ಇರುತ್ತದೆ. ಬಟ್ಟೆಯ ಹುಡ್ ಮಡಚುವ ಜಾಗದ ಎರಡೂ ಬದಿಯಲ್ಲಿ ನೀರು ಹೋಗುವ ತೂತುಗಳುಂಟು, ಮರದಡಿ ನಿಲ್ಲಿಸಿದರೆ ಎಲೆ, ಕಸ ಕೂತು ಕಟ್ಟುತ್ತವೆ, ನೀರು ಒಳಗೆ ಇಳಿದು ಸೀಟಿನಡಿ ನಿಲ್ಲುತ್ತದೆ. ಆ ಪೆಟ್ಟಿಗೆ ಹಾಳಾದರೆ ಖರ್ಚು ಕೀಯದ್ದಕ್ಕಿಂತ ಎಷ್ಟೋ ಜಾಸ್ತಿ. ಜೂನ್ ಬರುವ ಮೊದಲೇ ಆ ತೂತುಗಳನ್ನು ಚೊಕ್ಕ ಮಾಡಿ, ಸೀಟಿನ ಕೆಳಗೆ ಕೈ ಹಾಕಿ ಮ್ಯಾಟ್ ಒದ್ದೆಯಿದೆಯಾ ನೋಡಲು ಅಣ್ಣನಿಗೆ ಹೇಳಿ.