ಸಿಟಿಎಬಿ ಹಾಕಿದ ಮೇಲೆ ಲ್ಯಾಟೆಕ್ಸ್ ಗಂಟುಕಟ್ಟುತ್ತಿದೆ, ಪರ್‌ಸಲ್ಫೇಟ್ ಕೆಟ್ಟಿದೆಯೇ?

ಪ್ರಶ್ನೆ:
ಧನ ಆವೇಶವಿರುವ ಪಾಲಿಸ್ಟೈರೀನ್ ಕಣಗಳ ಲ್ಯಾಟೆಕ್ಸ್ (ನೀರಿನಲ್ಲಿ ತೇಲುವ ಸಣ್ಣ ಪ್ಲಾಸ್ಟಿಕ್ ಕಣಗಳ ಹಾಲಿನಂಥ ದ್ರವ) ಬೇಕಾಗಿದೆ. ಕಣಗಳು ಅಂಟದಂತೆ ತಡೆಯಲು ಎಸ್‌ಡಿಎಸ್ ಎಂಬ ಋಣ ಆವೇಶದ, ಸಾಬೂನಿನಂಥ ಪದಾರ್ಥ ಬಳಸುತ್ತಿದ್ದಾಗ ತೊಂದರೆಯೇ ಇರಲಿಲ್ಲ. ಈಗ ಅದರ ಬದಲು ಅಂಥದ್ದೇ, ಆದರೆ ಧನ ಆವೇಶದ ಸಿಟಿಎಬಿ ಹಾಕುತ್ತಿದ್ದೇನೆ. ಉಳಿದದ್ದೆಲ್ಲ ಮೊದಲಿನಂತೆಯೇ: 70 ಡಿಗ್ರಿ ಸೆಲ್ಸಿಯಸ್, ನೈಟ್ರೋಜನ್, ಕ್ರಿಯೆ ಶುರುಮಾಡುವ ಇನಿಶಿಯೇಟರ್ ಆಗಿ ಪೊಟ್ಯಾಸಿಯಂ ಪರ್‌ಸಲ್ಫೇಟ್, ಜೊತೆಗೆ ಸೋಡಿಯಂ ಬೈಕಾರ್ಬೊನೇಟ್. ಕಲಕುವ ಅಲಗಿಗೆ ಬಿಳಿ ಗಂಟು ಮೆತ್ತಿಕೊಳ್ಳುತ್ತದೆ, ಫ್ಲಾಸ್ಕಿನ ತಳದಲ್ಲಿ ಗಷ್ಟು ಕೂರುತ್ತದೆ. ಸ್ಟೈರೀನನ್ನು ಅಲ್ಯೂಮಿನಾ ಮೂಲಕ ಹಾಯಿಸಿ ಅದರಲ್ಲಿದ್ದ ಪ್ರತಿಬಂಧಕವನ್ನು ತೆಗೆದಿದ್ದೇನೆ. ಪರ್‌ಸಲ್ಫೇಟ್ ಇನ್ನಷ್ಟು ಹಾಕಲೇ?

ಉತ್ತರ:
ದಯವಿಟ್ಟು ಹಾಕಬೇಡಿ, ಗಂಟು ಹೆಚ್ಚಾಗುತ್ತದೆ. ಮೊದಲು ಒಂದು ಪರೀಕ್ಷೆ ಮಾಡಿ. ಸ್ಟೈರೀನ್ ಇಲ್ಲದೆ, ಬಿಸಿಯನ್ನೂ ಮಾಡದೆ, ಪ್ರನಾಳದಲ್ಲಿ ಸಿಟಿಎಬಿ ದ್ರಾವಣಕ್ಕೆ ಪರ್‌ಸಲ್ಫೇಟ್ ದ್ರಾವಣ ಸೇರಿಸಿ ನೋಡಿ. ಬೆಳ್ಳಗೆ ಪ್ರಕ್ಷೇಪ ಬಂದರೆ ರೋಗ ಸಿಕ್ಕಿತು: ಸಿಟಿಎಬಿಯ ಧನ ಅಯಾನೂ ಪರ್‌ಸಲ್ಫೇಟಿನ ಋಣ ಅಯಾನೂ ಜೋಡಿಯಾಗಿ ನೀರಿನಿಂದ ಹೊರಬೀಳುತ್ತಿವೆ.

ಬಿಸಿಯಲ್ಲಿ ಅದು ಕರಗಿದರೂ ತೊಂದರೆ ತಪ್ಪುವುದಿಲ್ಲ. ಪರ್‌ಸಲ್ಫೇಟ್ ಒಡೆದು ಹುಟ್ಟುವ ಸಲ್ಫೇಟ್ ರ್‍ಯಾಡಿಕಲ್ ಪ್ರತಿ ಸರಪಳಿಯ ತುದಿಯಲ್ಲೂ ಋಣ ಆವೇಶವನ್ನು ಬಿಟ್ಟುಹೋಗುತ್ತದೆ. ಎಸ್‌ಡಿಎಸ್ ಇದ್ದಾಗ ಅದು ವರ, ಎರಡೂ ಋಣವೇ. ಸಿಟಿಎಬಿ ಇದ್ದಾಗ ಕಣದ ಮೇಲಿನ ಧನ ಆವೇಶವನ್ನು ಅದು ತಿನ್ನುತ್ತದೆ, ಕಣಗಳು ಒಂದಕ್ಕೊಂದು ಅಂಟುತ್ತವೆ. ಇನಿಶಿಯೇಟರ್ ಎಂದರೆ ಕ್ರಿಯೆಯನ್ನು ಹೊತ್ತಿಸುವ ಪುಡಿ ಮಾತ್ರವಲ್ಲ, ಅದು ಕಣದ ಮೈಯಲ್ಲೇ ಉಳಿಯುತ್ತದೆ. ವಿಧಾನ ಬದಲಿಸುವಾಗ ಹೆಚ್ಚಿನವರು ಗಮನಿಸದೆ ಬಿಡುವುದು ಇದನ್ನೇ.

ನಿಮಗೆ ಬೇಕಾದ ಇನಿಶಿಯೇಟರ್ ವಿ-50, ಅಂದರೆ ಧನ ಆವೇಶ ಹೊರುವ ಅಮಿಡೀನ್ ಗುಂಪುಗಳಿರುವ, ನೀರಿನಲ್ಲಿ ಕರಗುವ ಅಜೋ ಸಂಯುಕ್ತ. ಅದರ ಅಣುತೂಕ ಸುಮಾರು 271, ಪರ್‌ಸಲ್ಫೇಟಿನದು 270. ಹಾಗಾಗಿ ಗ್ರಾಂಗೆ ಗ್ರಾಂ ಬದಲಿಸಿದರೆ ಮೋಲ್ ಲೆಕ್ಕ ಕೆಡುವುದಿಲ್ಲ. ನೀರಿನಲ್ಲಿ ಅದರ ಅರ್ಧಾಯು (ಅರ್ಧದಷ್ಟು ಒಡೆಯಲು ಬೇಕಾದ ಸಮಯ) 56 ಡಿಗ್ರಿಯಲ್ಲಿ 10 ಗಂಟೆ. ಆದ್ದರಿಂದ 60 ಡಿಗ್ರಿಯಲ್ಲಿ ಶುರು ಮಾಡಿ.

ಮರುಪ್ರಶ್ನೆ:
ಧನ್ಯವಾದ ಮೇಡಂ. ಪ್ರನಾಳದಲ್ಲಿ ಕೂಡಲೇ ಬಿಳಿ ಪ್ರಕ್ಷೇಪ ಬಂತು. ವಿ-50 ತರಿಸುತ್ತಿದ್ದೇನೆ. ಬೈಕಾರ್ಬೊನೇಟ್ ಮೊದಲಿನಷ್ಟೇ ಸಾಕೇ?

ಉತ್ತರ:
ಬೈಕಾರ್ಬೊನೇಟ್ ಬೇಡವೇ ಬೇಡ. ಪರ್‌ಸಲ್ಫೇಟ್ ಒಡೆಯುತ್ತಾ ಹೋದಂತೆ ನೀರು ಆಮ್ಲೀಯವಾಗುತ್ತದೆ, ಅದನ್ನು ತಡೆಯಲು ಅದು ಬೇಕಿತ್ತು. ವಿ-50 ಇರುವಲ್ಲಿ ನೀರು ಕ್ಷಾರೀಯವಾದರೆ ಅಮಿಡೀನ್ ಗುಂಪು ಅಮೈಡ್ ಆಗಿಬಿಡುತ್ತದೆ, ನೀವು ಬಯಸಿದ ಧನ ಆವೇಶವೇ ಹೋಗುತ್ತದೆ. ಪುಡಿಯನ್ನು ಹಾಕುವ ಹೊತ್ತಿಗೆ ತಣ್ಣೀರಿನಲ್ಲಿ ಕರಗಿಸಿಕೊಳ್ಳಿ. ಅದು ಒಡೆಯುವಾಗ ನೈಟ್ರೋಜನ್ ಬಿಡುತ್ತದೆ, ಫ್ಲಾಸ್ಕಿನಿಂದ ಅನಿಲ ಹೊರಹೋಗುವ ದಾರಿಯನ್ನು ಮುಚ್ಚಬೇಡಿ.