ಹಳೆಯ ಕ್ಯಾಸೆಟ್ ಧ್ವನಿಮುದ್ರಣಗಳನ್ನು ಕೇಳಲು ಕೈಗೆಟುಕುವ ಓಪನ್‌-ಬ್ಯಾಕ್ ಹೆಡ್‌ಫೋನ್ ಯಾವುದು?

ಮೆತ್ತಿನಮನೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕುಳಿತು ಸಂಗೀತ ಕೇಳುವುದಕ್ಕೆಂದು ಒಂದು ಓಪನ್‌-ಬ್ಯಾಕ್ (ಹಿಂಬದಿ ಮುಚ್ಚಿರದೆ ಗಾಳಿಯಾಡುವ) ಹೆಡ್‌ಫೋನ್ ಕೊಳ್ಳಬೇಕೆಂದಿದ್ದೇನೆ. ಹನ್ನೆರಡು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಅದಕ್ಕೆ ಇನ್ನೆರಡು ಸಾವಿರ ಸೇರಿಸಬಲ್ಲೆ, ಅದರ ಮೇಲೆ ಹೋದರೆ ಅಡಿಕೆ ವ್ಯಾಪಾರವಾಗುವ ತನಕ ಕಾಯಬೇಕು.

ಓಪನ್‌-ಬ್ಯಾಕ್ ಏಕೆಂದು ಮೊದಲೇ ಹೇಳಿಬಿಡುತ್ತೇನೆ. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನ್ ಅರ್ಧ ಗಂಟೆಯಲ್ಲೇ ತುರಿಕೆ ತರಿಸುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದನ್ನು ಎರಡು ವರ್ಷ ಬಳಸಿದೆ. ಬೇಸಿಗೆಯಲ್ಲಿ ಕಿವಿಯ ಸುತ್ತ ಬೆವರು ಇಳಿಯುವುದು ಒಂದು ತೊಂದರೆಯಾದರೆ, ಕೆಳಗಿನಿಂದ ಆಯಿ ನಾಲ್ಕು ಸಲ ಕರೆದರೂ ಕೇಳಿಸದೆ ಬೈಸಿಕೊಳ್ಳುವುದು ಅದಕ್ಕಿಂತ ದೊಡ್ಡ ತೊಂದರೆಯಾಯಿತು. ನಾನು ಕುಳಿತುಕೊಳ್ಳುವ ಮೆತ್ತಿನಲ್ಲಿ ಬೇರೆ ಯಾರೂ ಇರುವುದಿಲ್ಲವಾದ್ದರಿಂದ ಹೆಡ್‌ಫೋನಿನಿಂದ ಸದ್ದು ಹೊರಗೆ ಸೋರಿದರೆ ಅಡ್ಡಿಯಿಲ್ಲ.

ಕೇಳುವುದರಲ್ಲಿ ಹೆಚ್ಚಿನ ಪಾಲು ಅಪ್ಪಯ್ಯ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟ ಯಕ್ಷಗಾನ ಮತ್ತು ತಾಳಮದ್ದಳೆಯ ಕ್ಯಾಸೆಟ್ಟುಗಳದ್ದು. ನೆಬ್ಬೂರು ನಾರಾಯಣ ಭಾಗವತರದು, ಕಡತೋಕಾ ಮಂಜುನಾಥ ಭಾಗವತರದು, ಹೀಗೆ ಎಪ್ಪತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿಸಿದ್ದೇನೆ. ಉಳಿದದ್ದು ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರ ಗಾಯನ. ಸಿನಿಮಾ ಹಾಡು ಅಪರೂಪ.

ಪಟ್ಟಿ ಮಾಡಿಕೊಂಡದ್ದು ಮೂರು: ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ (250 ಓಮ್), ಫಿಲಿಪ್ಸ್ ಎಸ್‌ಎಚ್‌ಪಿ 9500 ಮತ್ತು ಸೆನ್‌ಹೈಸರ್ ಎಚ್‌ಡಿ 599. ನನ್ನ ಫೋನಿನಲ್ಲಿ ಹೆಡ್‌ಫೋನ್ ತೂತು ಇಲ್ಲ, ಚಿಕ್ಕ ಡಾಂಗಲ್ ಸಿಕ್ಕಿಸಿ ಕೇಳುತ್ತೇನೆ. ಅಪ್ಪಯ್ಯನ ಕಾಲದ ಆಂಪ್ಲಿಫೈಯರ್ ಒಂದು ಇನ್ನೂ ಕೆಲಸ ಮಾಡುತ್ತಿದ್ದು, ಅದರಲ್ಲಿ ದಪ್ಪ ಜಾಕಿನ ಹೆಡ್‌ಫೋನ್ ತೂತಿದೆ. ಹೆಡ್‌ಫೋನ್ ಜೊತೆಗೆ ಬೇರೆ ಆಂಪ್ಲಿಫೈಯರನ್ನೂ ಕೊಳ್ಳಲೇಬೇಕೆಂದು ಹಲವರು ಹೇಳುತ್ತಾರೆ. ಅದು ನಿಜವೇ? ನನ್ನ ಸಂಗ್ರಹಕ್ಕೆ ಈ ಮೂರರಲ್ಲಿ ಯಾವುದು ಹೊಂದುತ್ತದೆ?

ಕೋಡಿಬಾಗ ಕಡಲು (ಕಾರವಾರ):

ಆಂಪ್ಲಿಫೈಯರ್ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಳ್ಳೋಣ. ಅದು ಇತ್ಯರ್ಥವಾಗದೆ ಹೆಡ್‌ಫೋನ್ ಆರಿಸಿದರೆ ಹಣ ಎರಡು ಸಲ ಖರ್ಚಾಗುತ್ತದೆ.

ಓಮ್ ಎಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಆ ಸಂಖ್ಯೆಯೊಂದನ್ನೇ ನೋಡಿ ಹೆದರಬೇಕಾಗಿಲ್ಲ. ಎಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಹೊರಡುತ್ತದೆ ಎಂಬುದನ್ನೂ ಅದರ ಜೊತೆಗೇ ನೋಡಬೇಕು. ಗೊಂದಲ ಹುಟ್ಟುವುದು ಇಲ್ಲೇ, ಏಕೆಂದರೆ ಕೆಲವು ಕಂಪನಿಗಳು ಇದನ್ನು ಒಂದು ಮಿಲಿವ್ಯಾಟಿಗೆ ಇಷ್ಟು ಡೆಸಿಬಲ್ ಎಂದು ಬರೆದರೆ ಇನ್ನು ಕೆಲವು ಒಂದು ವೋಲ್ಟಿಗೆ ಇಷ್ಟು ಎಂದು ಬರೆಯುತ್ತವೆ, ಎರಡನ್ನೂ ಒಂದೇ ಅಳತೆಗೆ ತಂದುಕೊಳ್ಳದೆ ಹೋಲಿಸಲಾಗುವುದಿಲ್ಲ. ಒಳ್ಳೆಯ ಡಾಂಗಲ್ ಸುಮಾರು ಒಂದು ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 250 ಓಮಿನ ಡಿಟಿ 990 ಪ್ರೊಗೆ ಆಗ ಸಿಗುವುದು 4 ಮಿಲಿವ್ಯಾಟ್. ಅದರ ಲೆಕ್ಕ ಮಿಲಿವ್ಯಾಟಿಗೆ 96 ಡೆಸಿಬಲ್ ಆದ್ದರಿಂದ, ನಾಲ್ಕು ಪಟ್ಟಿಗೆ 6 ಸೇರಿಸಿದರೆ ಅತಿ ಹೆಚ್ಚೆಂದರೆ 102 ಡೆಸಿಬಲ್ ಆಗುತ್ತದೆ. ಎಚ್‌ಡಿ 599 50 ಓಮಿನದು, ಒಂದು ವೋಲ್ಟಿಗೆ 106 ಡೆಸಿಬಲ್ ಕೊಡುತ್ತದೆ. ಎಸ್‌ಎಚ್‌ಪಿ 9500 ಕೇವಲ 32 ಓಮ್, ಅದೇ ಒಂದು ವೋಲ್ಟಿನಲ್ಲಿ 116ರ ಹತ್ತಿರ ಹೋಗುತ್ತದೆ.

102 ಎಂದರೆ ಕಿವಿ ಕಿವುಡಾಗುವಷ್ಟು ಸದ್ದಲ್ಲವೇ ಎಂದು ನೀವು ಕೇಳಬಹುದು. ಆದರೆ ಅದು ಧ್ವನಿ ತನ್ನ ಅತ್ಯುಚ್ಚ ಮಟ್ಟದಲ್ಲಿರುವಾಗಿನ ಲೆಕ್ಕ. ಈಗಿನ ಸಿನಿಮಾ ಹಾಡು ಸದಾ ಆ ಉಚ್ಚ ಮಟ್ಟದ ಹತ್ತಿರವೇ ಇರುತ್ತದೆ. ವಿಲಂಬಿತ ಖಯಾಲಿನ ಆಲಾಪ ಅದಕ್ಕಿಂತ 25 ಡೆಸಿಬಲ್ ಕೆಳಗಿರುವುದೂ ಉಂಟು, ಜಗಲಿಯ ಮೂಲೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ತಾಳಮದ್ದಳೆಯ ಅರ್ಥಗಾರಿಕೆಯಂತೂ ಇನ್ನೂ ಕ್ಷೀಣವಾಗಿರುತ್ತದೆ. ಆಗ ಡಾಂಗಲಿನ ಸದ್ದನ್ನು ಕೊನೆಯ ತನಕ ಏರಿಸಿದರೂ ಇನ್ನೊಂದಿಷ್ಟು ಬೇಕಿತ್ತು ಎನಿಸುವುದು ಡಿಟಿ 990ರಲ್ಲಿಯೇ. ಉಳಿದೆರಡಕ್ಕೆ ಬೇರೆ ಆಂಪ್ಲಿಫೈಯರ್ ಬೇಡ.

ಅಪ್ಪಯ್ಯನವರ ಯಂತ್ರದ ದಪ್ಪ ಜಾಕಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಆ ಕಾಲದ ಹಲವು ಆಂಪ್ಲಿಫೈಯರುಗಳಲ್ಲಿ ಸ್ಪೀಕರಿಗೆ ಹೋಗುವ ವಿದ್ಯುತ್ತನ್ನೇ ನೂರಾರು ಓಮಿನ ರೆಸಿಸ್ಟರ್ ದಾಟಿಸಿ ಹೆಡ್‌ಫೋನಿಗೆ ಕೊಡುತ್ತಿದ್ದರು. ಎಚ್‌ಡಿ 599ರ ತಡೆ ಎಲ್ಲ ಸ್ವರಕ್ಕೂ 50 ಓಮ್ ಆಗಿರುವುದಿಲ್ಲ, ಮಂದ್ರದಲ್ಲಿ ಏರುತ್ತದೆ. ಅಂಥ ರೆಸಿಸ್ಟರಿನ ಹಿಂದೆ ಸಿಕ್ಕಿಸಿದರೆ ಮಂದ್ರ ಉಬ್ಬಿಕೊಂಡು ತಬಲಾದ ಡಗ್ಗಾ ಗುಂಯ್‌ಗುಡುತ್ತದೆ. ಕೆಲವರಿಗೆ ಅದು ಇಷ್ಟವೂ ಆಗುತ್ತದೆ, ನನಗಾಗದು. ಸಿಕ್ಕಿಸಿ ನೋಡಿ, ಹಿಡಿಸದಿದ್ದರೆ ಡಾಂಗಲಿಗೆ ಮರಳಿ.

ಹೊಳೆಸಾಲು (ಹೊನ್ನಾವರ):

ಕೋಡಿಬಾಗದವರ ಲೆಕ್ಕ ಸರಿಯಾಗಿದೆ. ಆದರೆ ಡಿಟಿ 990 ಪ್ರೊ ಬೇಡವೆನ್ನುವುದಕ್ಕೆ ನನ್ನ ಕಾರಣ ಬೇರೆ. ಅದನ್ನು ನಾನು ಮೂರು ವರ್ಷ ಇಟ್ಟುಕೊಂಡಿದ್ದೆ. ಕೂರಿಸಿಕೊಂಡರೆ ತಲೆಯ ಮೇಲೆ ಏನೋ ಇದೆಯೆಂಬುದೇ ಮರೆತುಹೋಗುವಷ್ಟು ಮೆತ್ತನೆಯ ಪ್ಯಾಡುಗಳು, ಗಟ್ಟಿಯಾದ ಕಟ್ಟು, ಅದರ ಬಗ್ಗೆ ಆಕ್ಷೇಪವಿಲ್ಲ. ಆದರೆ ಅದರ ತಾರದ ಧ್ವನಿ, ವಿಶೇಷವಾಗಿ 8,000 ಹರ್ಟ್ಜ್‌ನ ಆಸುಪಾಸಿನಲ್ಲಿ, ಬಹಳ ಎದ್ದಿರುತ್ತದೆ. ಸ್ಟುಡಿಯೋದಲ್ಲಿ ಹಿಡಿದ ಶುದ್ಧ ಧ್ವನಿಗೆ ಅದು ಹೊಳಪು ಕೊಡುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿದ ಧ್ವನಿಯಲ್ಲಿ ಆ ಜಾಗದಲ್ಲಿ ಇರುವುದು ಸಂಗೀತಕ್ಕಿಂತ ಹೆಚ್ಚಾಗಿ ಟೇಪಿನ ಸುಸ್ ಎನ್ನುವ ಸದ್ದು. ನಾನು ಅದರಲ್ಲಿ ಒಂದು ಬಯಲಾಟದ ಟೇಪ್ ಕೇಳಿದಾಗ ಭಾಗವತರ ಹಿಂದೆ ಯಾರೋ ಬಿಡದೆ ದೋಸೆ ಹುಯ್ಯುತ್ತಿರುವಂತಿತ್ತು, ಚಂಡೆಯ ಪ್ರತಿ ಪೆಟ್ಟೂ ಕಿವಿಗೆ ಸೂಜಿಯಂತೆ ನಾಟುತ್ತಿತ್ತು. ಚಂಡೆ ಮೊದಲೇ ತೀಕ್ಷ್ಣವಾದ ವಾದ್ಯ, ಅದಕ್ಕೆ ಇನ್ನಷ್ಟು ಮೊನೆ ಕಟ್ಟುವ ಅಗತ್ಯವಿಲ್ಲ.

ಎಸ್‌ಎಚ್‌ಪಿ 9500 ಕೂಡ ಸ್ವಲ್ಪ ತಾರದ ಕಡೆಗೇ ವಾಲುತ್ತದೆ, ಆದರೆ ಅಷ್ಟಿಲ್ಲ. ಕೊಡುವ ಹಣಕ್ಕೆ ಒಳ್ಳೆಯ ವಸ್ತು. ಎಚ್‌ಡಿ 599 ಇವುಗಳಿಗಿಂತ ಸೌಮ್ಯ. ಅದು ಕಂಠವನ್ನು ಒಂದು ಹೆಜ್ಜೆ ಮುಂದೆ ತಂದು ನಿಲ್ಲಿಸುತ್ತದೆ, ಟೇಪಿನ ಸುಸ್ಸನ್ನು ಹಿಂದಕ್ಕೆ ಬಿಡುತ್ತದೆ. ತಾಳಮದ್ದಳೆಯ ಮಾತಿಗೆ ಬೇಕಾದದ್ದು ಅದೇ.

ಇನ್ನೊಂದು ವಿಷಯ. ಓಪನ್‌-ಬ್ಯಾಕ್ ಎಂದ ಕೂಡಲೇ ಎಲ್ಲರೂ ಸೌಂಡ್‌ಸ್ಟೇಜ್ ಎಂದು ಹೊಗಳುತ್ತಾರೆ. ನಮ್ಮ ಕಡೆಯವರು ಅದನ್ನು ರಂಗಸ್ಥಳ ಎನ್ನಬಹುದು: ಭಾಗವತರು ಎಲ್ಲಿ, ಮದ್ದಳೆ ಎಲ್ಲಿ, ಚಂಡೆ ಎಲ್ಲಿ ಎಂಬುದು ಬೇರೆಬೇರೆಯಾಗಿ ತಿಳಿಯುವುದು. ಆದರೆ ಒಂದೇ ಮೈಕಿನಲ್ಲಿ ಹಿಡಿದ ಮೊನೊ ಟೇಪಿನಲ್ಲಿ ಆ ವಿಭಾಗವೇ ಇರುವುದಿಲ್ಲ. ಎಷ್ಟು ದುಬಾರಿ ಹೆಡ್‌ಫೋನ್ ತಂದರೂ ಮೂವರೂ ನಿಮ್ಮ ನೆತ್ತಿಯ ನಡುವೆಯೇ ಕುಳಿತಿರುತ್ತಾರೆ. ನಿಮ್ಮ ಸಂಗ್ರಹದ ಬಹುಪಾಲು ಮೊನೊ ಆಗಿದ್ದರೆ ರಂಗಸ್ಥಳದ ವಿಸ್ತಾರಕ್ಕೆಂದು ಹೆಚ್ಚು ಹಣ ಕೊಡಬೇಡಿ. ಹಗುರವಾಗಿರುವುದಕ್ಕೆ, ಗಾಳಿಯಾಡುವುದಕ್ಕೆ, ಕಂಠ ಸಹಜವಾಗಿ ಕೇಳುವುದಕ್ಕೆ ಕೊಡಿ. ಸ್ಟೀರಿಯೋದಲ್ಲಿ ಮುದ್ರಿಸಿದ ಹಿಂದೂಸ್ತಾನಿ ಗಾಯನದ ಮಾತು ಬೇರೆ, ಅಲ್ಲಿ ಎರಡು ತಂಬೂರಿಗಳು ಗಾಯಕರ ಹಿಂದೆ ಎಡಬಲಕ್ಕೆ ಹರಡಿಕೊಳ್ಳುವ ಸುಖ ನಿಮಗೆ ಖಂಡಿತ ಸಿಗುತ್ತದೆ.

ಬನವಾಸಿ ರಸ್ತೆ (ಶಿರಸಿ):

ಎಲ್ಲರೂ ಓಮ್ ಮತ್ತು ಹರ್ಟ್ಜ್ ಹೇಳಿದಿರಿ, ಮಳೆಯನ್ನು ಯಾರೂ ಹೇಳಲಿಲ್ಲ. ಓಪನ್‌-ಬ್ಯಾಕ್ ಹೊರಗಿನ ಸದ್ದನ್ನು ಒಂದಿಷ್ಟೂ ತಡೆಯುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಮೆತ್ತಿನ ಹಂಚಿನ ಕೆಳಗೆ, ಅದಕ್ಕೂ ಮಿಗಿಲಾಗಿ ತಗಡಿನ ಮಾಡಿನ ಕೆಳಗೆ ಕುಳಿತು ತಂಬೂರಿಯ ಝೇಂಕಾರ ಕೇಳುತ್ತೇನೆಂದರೆ ಮಳೆರಾಯ ಬಿಡಬೇಕಲ್ಲ? ನೀವು ಸದ್ದು ಏರಿಸುತ್ತ ಹೋಗುತ್ತೀರಿ, ಕಿವಿ ಕೆಡುತ್ತದೆ. ಹಳೆಯ ಮುಚ್ಚಿದ ಹೆಡ್‌ಫೋನನ್ನು ಎಸೆಯದೆ ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಹೀಗೆ ವರ್ಷದ ನಾಲ್ಕು ತಿಂಗಳು ಮೂಲೆ ಸೇರುವ ವಸ್ತುವಿಗೆ ಅಷ್ಟು ಹಣ ಬೇಡವೆನಿಸಿದರೆ ಕಾಸ್ ಕಂಪನಿಯ ಪೋರ್ಟಾ ಪ್ರೊ ನೋಡಿ. 1984ರಲ್ಲಿ ಬಂದ ವಿನ್ಯಾಸ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಮಾರಾಟವಾಗುತ್ತಿದೆ. ತೆಳುವಾದ ಸ್ಪಂಜು ಕಿವಿಯ ಮೇಲೆ ಕೂರುತ್ತದೆ, ತೂಕವೇ ಇಲ್ಲ, ಫೋನಿನಿಂದಲೇ ನಡೆಯುತ್ತದೆ, ಧ್ವನಿಯೂ ಬೆಚ್ಚಗಿದೆ. ನೋಡುವುದಕ್ಕೆ ಆಟಿಕೆಯಂತಿದೆ ಎಂಬುದೊಂದೇ ಕೊರತೆ. ನಿಮ್ಮ ಮೊತ್ತದಲ್ಲಿ ಬಹಳಷ್ಟು ಉಳಿಯುತ್ತದೆ.

ದೇವಿಮನೆ ಘಟ್ಟದ ಕೆಳಗೆ (ಕುಮಟಾ):

ಪೋರ್ಟಾ ಪ್ರೊ ನನ್ನ ಬಳಿಯೂ ಇದೆ. ಒಳ್ಳೆಯದು, ಆದರೆ ಮದ್ದಳೆಯ ಮಂದ್ರ ಸ್ವಲ್ಪ ದಪ್ಪವಾಗಿ ಕಂಠದ ಮೇಲೆ ಬೀಳುತ್ತದೆ. ಮೇಲಾಗಿ ಕಿವಿಯ ಆಲೆಯನ್ನು ಒತ್ತುವುದರಿಂದ ಕನ್ನಡಕ ಹಾಕುವವರಿಗೆ ಒಂದೂವರೆ ಗಂಟೆಯ ನಂತರ ನೋವಾಗುತ್ತದೆ. ಇಡೀ ಪ್ರಸಂಗ ಕೇಳುವವರು ಕಿವಿಯನ್ನು ಸುತ್ತುವರಿಯುವ ಪ್ಯಾಡನ್ನೇ ಆರಿಸುವುದು ಮೇಲು.

ನಮ್ಮ ಜಿಲ್ಲೆಯಲ್ಲಿ ಹೆಡ್‌ಫೋನನ್ನು ಕೊಲ್ಲುವುದು ಹವೆ. ಘಟ್ಟದ ಮೇಲೆ ಬೂಷ್ಟು, ಘಟ್ಟದ ಕೆಳಗೆ ಉಪ್ಪು ಗಾಳಿ. ನನ್ನ ಹಳೆಯ ಜೋಡಿಯ ಜಾಕನ್ನು ಒಂದು ಮಳೆಗಾಲ ಕಳೆದು ನೋಡಿದಾಗ ತುದಿಯ ಉಂಗುರದ ಸುತ್ತ ದೇವರ ಹಿತ್ತಾಳೆ ಪಾತ್ರೆಗೆ ಹಿಡಿಯುವಂಥದ್ದೇ ಹಸಿರು ಕಿಲುಬು ಹಿಡಿದಿತ್ತು. ತಿರುಗಿಸಿದರೆ ಎಡಗಿವಿಯಲ್ಲಿ ಕರಕರ. ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒರೆಸಿದ ಮೇಲೆ ಸರಿಯಾಯಿತು. ಕೃತಕ ಚರ್ಮದ ಪ್ಯಾಡುಗಳು ಇದಕ್ಕಿಂತ ಕಷ್ಟ: ಮೊದಲು ಬಿಳಿ ಚುಕ್ಕೆ, ಆಮೇಲೆ ಹಪ್ಪಳದಂತೆ ಪದರ ಏಳುವುದು. ನೀವು ಹೇಳಿದ ಮೂರಕ್ಕೂ ಬಟ್ಟೆಯ ಅಥವಾ ಮಖಮಲ್ಲಿನ ಪ್ಯಾಡುಗಳಿರುವುದು ಅದೃಷ್ಟ. ಬಳಸಿದ ಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಕೇಬಲ್ ಬಿಚ್ಚಿ ಬದಲಾಯಿಸಲು ಬರುವುದೇ ಎಂದೂ ನೋಡಿಕೊಳ್ಳಿ. ಎಸ್‌ಎಚ್‌ಪಿ 9500 ಮತ್ತು ಎಚ್‌ಡಿ 599ರಲ್ಲಿ ಬರುತ್ತದೆ, ಡಿಟಿ 990 ಪ್ರೊದ ಸುರುಳಿ ಕೇಬಲ್ ಹಳೆಯ ಮಾದರಿಯಲ್ಲಿ ಒಳಗೇ ಬೆಸೆದಿರುತ್ತದೆ.

ಕೊಳ್ಳುವಾಗ ಅಧಿಕೃತ ಮಾರಾಟಗಾರರ ಹೆಸರು ನೋಡಿಯೇ ಕೊಳ್ಳಿ. ಅರ್ಧ ಬೆಲೆಗೆ ಆಸೆಪಟ್ಟು ನಾನು ತರಿಸಿದ ಒಂದು ಜೋಡಿಯ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿನಲ್ಲೇ ಒಂದು ಅಕ್ಷರ ಹೆಚ್ಚಿತ್ತು. ಹಣ ಮರಳಿ ಬರಲು ಒಂದೂವರೆ ತಿಂಗಳು ಹಿಡಿಯಿತು.

ನನ್ನ ಬಳಿ ಎಚ್‌ಡಿ 599 ಇದೆ, ನೆರೆಮನೆಯ ಹುಡುಗನ ಹತ್ತಿರ ಡಿಟಿ 990 ಪ್ರೊ ಇದೆ. ಘಟ್ಟ ಇಳಿಯುವ ಕೆಲಸವಿದ್ದರೆ ನಿಮ್ಮದೇ ಟೇಪಿನ ನಾಲ್ಕು ಕಡತ ಪೆನ್‌ಡ್ರೈವಿಗೆ ಹಾಕಿಕೊಂಡು ಬನ್ನಿ.

ಮೆತ್ತಿನಮನೆ (ಶಿರಸಿ):

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಕಳೆದ ಭಾನುವಾರ ಕುಮಟೆಗೆ ಹೋಗಿ ಬಂದೆ. ಆಸರಿಗೆಗೆ ಕೊಟ್ಟ ಕೋಕಂ ಪಾನಕ ಮುಗಿಯುವುದರೊಳಗೆ ಅರ್ಧ ಪ್ರಶ್ನೆ ಬಗೆಹರಿದಿತ್ತು.

ಮೊದಲು ಡಿಟಿ 990 ಪ್ರೊದಲ್ಲಿ ಮನಸೂರರ ಗಾಯನ ಕೇಳಿದೆ. ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಮಿನುಗಿತು, ಇದನ್ನೇ ಕೊಳ್ಳಬೇಕೆನಿಸಿದ್ದು ಸುಳ್ಳಲ್ಲ. ಆಮೇಲೆ ಅಪ್ಪಯ್ಯನ ಟೇಪ್ ಹಾಕಿದೆ. ಹೊಳೆಸಾಲಿನವರು ದೋಸೆ ಹುಯ್ಯುವ ಸದ್ದೆಂದದ್ದು ಅತಿಶಯೋಕ್ತಿ ಎಂದುಕೊಂಡಿದ್ದೆ, ಅಲ್ಲ. ಎಚ್‌ಡಿ 599ರಲ್ಲಿ ಅದೇ ಭಾಗ ಕೇಳಿದಾಗ ಸುಸ್ ಹೋಗಲಿಲ್ಲ, ಆದರೆ ಹಿಂದಕ್ಕೆ ಸರಿದು ಭಾಗವತರ ಕಂಠ ಮುಂದೆ ಬಂತು. ಪದ್ಯ ಮುಗಿದ ಮೇಲೆ ಯಾರೋ ಕವಳದ ಚೀಲ ಕೇಳುವ ಪಿಸುಮಾತೊಂದು ಆ ಟೇಪಿನಲ್ಲಿ ಇತ್ತೆಂಬುದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಡಿಟಿ 990ರಲ್ಲಿ ಮತ್ತೆ ಹುಡುಕಿದರೆ ಅಲ್ಲೂ ಇತ್ತು, ಆದರೆ ಸುಸ್ಸಿನಡಿ ಹೂತಿತ್ತು.

ಎಚ್‌ಡಿ 599 ಅನ್ನು ರಿಯಾಯಿತಿ ದಿನದಲ್ಲಿ ಅಧಿಕೃತ ಮಾರಾಟಗಾರರಿಂದ ತರಿಸಿದೆ, ಇಟ್ಟುಕೊಂಡ ಮೊತ್ತ ಸ್ವಲ್ಪ ದಾಟಿತು. ಪೆಟ್ಟಿಗೆಯಲ್ಲಿ ಮೂರು ಮೀಟರಿನದೊಂದು, ಗಿಡ್ಡದೊಂದು ಎಂದು ಎರಡು ಕೇಬಲ್ ಬಂದಿವೆ. ಗಿಡ್ಡದ್ದು ಡಾಂಗಲಿಗೆ ಸಾಕಾಗುತ್ತದೆ. ಉದ್ದದ್ದನ್ನು ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ ನೋಡಿದೆ. ಕೋಡಿಬಾಗದವರು ಹೇಳಿದಂತೆ ಡಗ್ಗಾ ಗುಂಯ್‌ಗುಟ್ಟಿತು, ತೆಗೆದುಬಿಟ್ಟೆ. ಮುಚ್ಚಿದ ಹೆಡ್‌ಫೋನ್ ಮಳೆಗಾಲಕ್ಕೆಂದು ನಾಗಂದಿಗೆಯ ಮೇಲಿದೆ. ಹೊಸದಕ್ಕೆ ಆಯಿಯ ಚಕ್ಕುಲಿ ಡಬ್ಬ ಕೇಳಿದೆ, ಚೌತಿಯ ಹೊತ್ತಿಗೆ ಮರಳಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದಾರೆ. ಅಷ್ಟರೊಳಗೆ ಅದೇ ಅಳತೆಯ ಬಿಗಿ ಮುಚ್ಚಳದ ಇನ್ನೊಂದು ಡಬ್ಬ ಶಿರಸಿ ಪೇಟೆಯಲ್ಲಿ ಎಲ್ಲಿ ಸಿಕ್ಕೀತೆಂದು ಬನವಾಸಿ ರಸ್ತೆಯವರು ತಿಳಿಸಿದರೆ ಉಪಕಾರವಾಗುತ್ತದೆ.