ಕೀಟಗಳ ಕಾರ್ಯಕ್ರಮ ಹಾಲ್‌ನಲ್ಲಿ ಬೇಡ, ಹೊರಗೆ ಮಾಡೋಣ

ಎಲ್ಲರಿಗೂ ನಮಸ್ಕಾರ. ಪರದೇಶದಲ್ಲಿರುವ ಕನ್ನಡಿಗರ ನಮ್ಮ ಈ ಗುಂಪಿನಲ್ಲಿ, ಮಕ್ಕಳಿಗೆ ಕೀಟಗಳ ಬಗ್ಗೆ ಒಂದು ದಿನದ ಕಾರ್ಯಕ್ರಮ ಮಾಡೋಣ ಅನ್ನುವ ಮಾತಿಗೆ ಇಷ್ಟು ಜನ ಕೈ ಎತ್ತಿದ್ದು ನೋಡಿ ಖುಷಿಯಾಯಿತು. ಆದರೆ ಚರ್ಚೆ ನಿಧಾನಕ್ಕೆ ಹಾಲ್ ಬುಕಿಂಗ್, ಮೈಕು, ಸ್ಲೈಡ್ ಶೋ, ಚಿಟ್ಟೆ ವೇಷದ ಸ್ಪರ್ಧೆ ಕಡೆಗೆ ಹೊರಟಿದೆ. ನನಗದು ಸರಿ ಕಾಣುತ್ತಿಲ್ಲ. ವೇದಿಕೆ ಕಾರ್ಯಕ್ರಮಗಳಿಗೆ ನಮ್ಮಲ್ಲಿ ಬರವಿಲ್ಲ. ಕೀಟವನ್ನು ಬಗ್ಗಿ, ಎಲೆ ತಿರುಗಿಸಿ, ತಾಳ್ಮೆಯಿಂದ ನೋಡಬೇಕು. ಇನ್ನೊಂದು ಮಾತು: ಈ ಪಾಠ ಮಕ್ಕಳಿಗಿಂತ ಜಾಸ್ತಿ ಬೇಕಿರುವುದು ನಮಗೆ, ಅಪ್ಪ ಅಮ್ಮಂದಿರಿಗೆ.

2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳ ಮುಂದೆ ರಬ್ಬರ್ ಹಾವು, ರಬ್ಬರ್ ಜೇಡ ಇಟ್ಟಿದ್ದರು. ಆಗಷ್ಟೇ ನಡೆಯಲು ಕಲಿತ ವಯಸ್ಸಿನ ಮಕ್ಕಳು. ಅವುಗಳನ್ನು ನೋಡಿ ಅಮ್ಮ ಮುಖ ಸಿಂಡರಿಸಿದರೆ, ಹೆದರಿದಂತೆ ಕಂಡರೆ, ಮಗು ಆಮೇಲೂ ಹತ್ತಿರ ಹೋಗಲು ಹಿಂಜರಿಯುತ್ತಿತ್ತು. ಅಮ್ಮ ನಗುನಗುತ್ತಾ ಇದ್ದರೆ ಸಲೀಸಾಗಿ ಹೋಗುತ್ತಿತ್ತು. ನಾವು ‘ಅಯ್ಯೋ’ ಅಂತ ಹಿಂದೆ ಸರಿದಾಗ ಮನೆಯಲ್ಲೂ ಇದೇ ಆಗುತ್ತದೆ, ಅಲ್ವಾ?

ಪರದೇಶದಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ನಾವು ಬೆಳೆದ ಕಡೆ ಯಾವುದು ಕಚ್ಚುತ್ತದೆ, ಯಾವುದು ಪಾಪದ್ದು ಅಂತ ಯಾರೂ ಕೂರಿಸಿ ಹೇಳಿಕೊಡದೇ ಗೊತ್ತಿತ್ತು. ಹೊಸ ದೇಶಕ್ಕೆ ಬಂದ ಮೇಲೆ ಆ ಲೆಕ್ಕ ಕೈಕೊಡುತ್ತದೆ. ಹುಲ್ಲಲ್ಲಿ ಏನಿದೆ, ಹೂವಿನ ಮೇಲೆ ಕೂತಿದ್ದು ಏನು, ನಮಗೇ ಗೊತ್ತಿಲ್ಲ. ಹಾಗಾಗಿ ಎಲ್ಲದಕ್ಕೂ ಒಂದೇ ಮಾತು, ‘ಮುಟ್ಟಬೇಡ, ಒಳಗೆ ಬಾ.’ ಮಗು ಒಳಗೆ ಬರುತ್ತದೆ. ಟ್ಯಾಬ್ ಹಿಡಿಯುತ್ತದೆ. ಆಮೇಲೆ ನಾವೇ ಸ್ಕ್ರೀನ್ ಟೈಮ್ ಬಗ್ಗೆ ಇಲ್ಲಿ ಉದ್ದುದ್ದ ಬರೆಯುತ್ತೇವೆ.

ಅದಕ್ಕೇ ಮೊದಲ ಅರ್ಧ ಗಂಟೆ ದೊಡ್ಡವರಿಗೆ ಇಡೋಣ. ಇರುವ ಊರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗ, ಪಾರ್ಕ್ ನೋಡಿಕೊಳ್ಳುವವರು, ಹೀಗೆ ಯಾರನ್ನಾದರೂ ಕರೆಯೋಣ. ಆದರೆ ಭಾಷಣಕ್ಕಲ್ಲ. ನಮ್ಮ ಜೊತೆ ನಡೆಯಲು. ಅವರನ್ನು ಕೇಳಬೇಕಾದ್ದು ಎರಡೇ: ಈ ಜಾಗದಲ್ಲಿ ನಿಜವಾಗಿ ಹುಷಾರಾಗಿರಬೇಕಾದ ಹುಳುಗಳು ಯಾವುವು, ಉಳಿದವುಗಳಲ್ಲಿ ಯಾವುದನ್ನು ಧೈರ್ಯವಾಗಿ ಕೈ ಮೇಲೆ ಹತ್ತಿಸಿಕೊಳ್ಳಬಹುದು. ವಿಜ್ಞಾನಿಗಳು ಈಗಾಗಲೇ ಹೆಸರಿಟ್ಟಿರುವ ಕೀಟಗಳೇ ಸುಮಾರು 10 ಲಕ್ಷ ಜಾತಿ. ಅದರಲ್ಲಿ ಮನುಷ್ಯನ ತಂಟೆಗೆ ಬರುವವು ತೀರಾ ಕಡಿಮೆ.

ಹಗಲಿನ ಭಾಗಕ್ಕೆ ದೊಡ್ಡ ತಯಾರಿ ಬೇಡ. ಬಿಳಿ ಕೊಡೆಯೊಂದನ್ನು ತಲೆಕೆಳಗಾಗಿ ಕೊಂಬೆಯ ಕೆಳಗೆ ಹಿಡಿದು ಕೊಂಬೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಸಾಕು, ಹತ್ತಾರು ಬಗೆಯ ಹುಳು ಉದುರುತ್ತವೆ. ಉದುರಿದ್ದರಲ್ಲಿ ಯಾವುದು ಕೀಟ, ಯಾವುದು ಅಲ್ಲ ಅಂತ ಮಕ್ಕಳೇ ಕಾಲು ಎಣಿಸಿ ಹೇಳಲಿ. ಆರು ಕಾಲಿದ್ದರೆ ಸಾಮಾನ್ಯವಾಗಿ ಕೀಟ. ಎಂಟು ಕಾಲಿನ ಜೇಡ, ರಕ್ತ ಹೀರುವ ಉಣ್ಣೆ (ಟಿಕ್) ಕೀಟಗಳಲ್ಲ, ಶತಪದಿಯಂತೂ ಅಲ್ಲವೇ ಅಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಗಿಡಹೇನು ಹತ್ತಿದ ಒಂದೇ ಒಂದು ಗಿಡದ ಮುಂದೆ ಸುಮ್ನೆ ಕೂರುವುದು. ಗಿಡಹೇನು ಎಳೆ ಚಿಗುರಿನ ರಸ ಹೀರಿ, ಸಿಹಿಯಾದ ಅಂಟು ದ್ರವ ಹೊರಹಾಕುತ್ತದೆ. ಆ ಸಿಹಿಗೆ ಇರುವೆ ಬರುತ್ತದೆ. ಬಂದದ್ದು ಕುಡಿದು ಹೋಗುವುದಿಲ್ಲ, ಗಿಡಹೇನುಗಳಿಗೆ ಕಾವಲು ನಿಲ್ಲುತ್ತದೆ. ಅವುಗಳನ್ನು ತಿನ್ನಲು ಬಂದ ಗುಲಗಂಜಿ ಹುಳುವನ್ನು (ಲೇಡಿಬಗ್) ಓಡಿಸುತ್ತದೆ. ಇದೆಲ್ಲ ಒಂದು ಗೇಣು ಕೊಂಬೆಯಲ್ಲಿ! ಅಲ್ಲೇ ಗುಲಗಂಜಿ ಹುಳುವಿನ ಮರಿಯನ್ನೂ ತೋರಿಸಬೇಕು. ಕೆಂಪು ಬೆನ್ನಿನ ದುಂಡು ಹುಳುವಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಕಪ್ಪಗೆ, ಉದ್ದಕ್ಕೆ, ಮುಳ್ಳುಮುಳ್ಳಾಗಿ ಇರುತ್ತದೆ. ಇದೇ ಗಿಡ ಹಾಳು ಮಾಡುತ್ತಿದೆ ಅಂದುಕೊಂಡು ಎಷ್ಟೋ ಜನ ಔಷಧಿ ಹೊಡೆಯುತ್ತಾರೆ. ಅದು ಗಿಡಹೇನುಗಳನ್ನು ತಿಂದು ತೋಟ ಕಾಯುವ ಹುಳು. ಮನೆ ಹಿತ್ತಲಲ್ಲಿ ತರಕಾರಿ ಬೆಳೆಯುವವರು ಇದೊಂದನ್ನು ಕಲಿತು ಹೋದರೂ ಕಾರ್ಯಕ್ರಮ ಸಾರ್ಥಕ.

ಇನ್ನು ರಾತ್ರಿ. ದಯವಿಟ್ಟು ಇದನ್ನು ಕೈಬಿಡಬೇಡಿ. ಎರಡು ಕಂಬಗಳ ನಡುವೆ ಬಿಳಿ ಬೆಡ್‌ಶೀಟ್ ಕಟ್ಟಿ, ಮುಂದೆ ಒಂದು ದೀಪ ಇಟ್ಟರೆ ಆಯಿತು. ನೇರಳಾತೀತ ಬೆಳಕಿನ ದೀಪಕ್ಕೆ ಪತಂಗಗಳು ಜಾಸ್ತಿ ಬರುತ್ತವೆ, ಆದರೆ ಮಕ್ಕಳು ಆ ದೀಪವನ್ನೇ ದಿಟ್ಟಿಸದ ಹಾಗೆ ನೋಡಿಕೊಳ್ಳಬೇಕು. ಬೆಚ್ಚಗಿನ, ಗಾಳಿಯಿಲ್ಲದ, ಬೆಳದಿಂಗಳಿಲ್ಲದ ರಾತ್ರಿ ಒಳ್ಳೆಯದು. ಹುಳುಗಳು ದೀಪಕ್ಕೆ ಯಾಕೆ ಮುತ್ತುತ್ತವೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಇದಕ್ಕೆ 2024ರಲ್ಲಿ ಒಂದು ಚಂದದ ಉತ್ತರ ಸಿಕ್ಕಿದೆ. ವಿಜ್ಞಾನಿಗಳು ಹೈ ಸ್ಪೀಡ್ ಕ್ಯಾಮೆರಾದಲ್ಲಿ ಅವುಗಳ ಹಾರಾಟ ಹಿಡಿದು ನೋಡಿದರು. ಹಾರುವ ಕೀಟ ತನ್ನ ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಳ್ಳುತ್ತದೆ. ಆಕಾಶ ಮೇಲಿದೆ, ನೆಲ ಕೆಳಗಿದೆ ಅಂತ ಅದಕ್ಕೆ ತಿಳಿಯುವುದು ಹಾಗೆ. ಪಕ್ಕದಲ್ಲಿ ದೀಪ ಬಂದರೆ ಅದಕ್ಕೇ ಬೆನ್ನು ಮಾಡಲು ಹೋಗಿ ಸುತ್ತತೊಡಗುತ್ತದೆ. ಅಂದರೆ ಅದು ದೀಪದ ಆಸೆಗೆ ಬರುತ್ತಿಲ್ಲ, ಸಿಕ್ಕಿಹಾಕಿಕೊಂಡಿದೆ. ಹಾಗಾಗಿ ಒಂದೆರಡು ಗಂಟೆಯಲ್ಲಿ ದೀಪ ಆರಿಸಿ, ಬಟ್ಟೆ ಮೆಲ್ಲಗೆ ಕೊಡವಿ ಬಿಟ್ಟುಬಿಡೋಣ. ಬೆಳಗ್ಗೆವರೆಗೆ ಅಲ್ಲೇ ಕೂತಿದ್ದರೆ ಹಕ್ಕಿಗಳ ಪಾಲಾಗುತ್ತವೆ. ಜುಲೈ ಕೊನೆಯ ಪೂರ್ಣ ವಾರದಲ್ಲಿ, ಅಮೆರಿಕದಲ್ಲಿ ಶುರುವಾದ ರಾಷ್ಟ್ರೀಯ ಪತಂಗ ಸಪ್ತಾಹ (ನ್ಯಾಷನಲ್ ಮಾತ್ ವೀಕ್) ಅಂತ 2012ರಿಂದ ನಡೆಯುತ್ತಿದೆ. ಹೆಸರಲ್ಲಿ ರಾಷ್ಟ್ರೀಯ ಅಂತಿದ್ದರೂ ಬೇರೆ ಬೇರೆ ದೇಶಗಳವರು ಸೇರುತ್ತಾರೆ. ಆ ವಾರವೇ ಇಟ್ಟುಕೊಂಡರೆ ನಾವು ನೋಡಿದ್ದನ್ನೂ ಅದಕ್ಕೆ ಸೇರಿಸಬಹುದು.

ಹೆಣ್ಣುಮಕ್ಕಳಿಗೆ ಹುಳುಹುಪ್ಪಟೆ ಯಾಕೆ ಅಂತ ಒಬ್ಬರು ತಮಾಷೆಗೆ ಕೇಳಿದ್ದರು. ಮರಿಯಾ ಸಿಬಿಲ್ಲಾ ಮೇರಿಯನ್ ಅಂತ ಒಬ್ಬರಿದ್ದರು, 1647ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 13ನೇ ವಯಸ್ಸಿಗೇ ರೇಷ್ಮೆಹುಳು ಸಾಕಿ, ಅದು ಬದಲಾಗುವುದನ್ನು ನೋಡಿ ಚಿತ್ರ ಬರೆಯತೊಡಗಿದರು. ಹುಳುಗಳು ಕೊಳೆತದ್ದರಿಂದ ತಾವಾಗಿಯೇ ಹುಟ್ಟುತ್ತವೆ ಅಂತ ತುಂಬ ಜನ ನಂಬಿದ್ದ ಕಾಲ ಅದು. 1699ರಲ್ಲಿ, 52ನೇ ವಯಸ್ಸಿನಲ್ಲಿ, ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಕೀಟ ನೋಡುವುದಕ್ಕೆ! ಅವರು ಕಂಬಳಿಹುಳುವನ್ನು ಅದು ತಿನ್ನುವ ಗಿಡದ ಜೊತೆಗೇ ಚಿತ್ರಿಸುತ್ತಿದ್ದರು. ಮನೆಯಲ್ಲಿ ಕಂಬಳಿಹುಳು ಸಾಕಲು ಹೊರಟ ಮಕ್ಕಳಿಗೂ ಇದನ್ನೇ ಹೇಳಬೇಕು. ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಗಿಡದ ಎಲೆ ಹಾಕಬೇಕು, ಬೇರೆ ಹಾಕಿದರೆ ಹೆಚ್ಚಿನವು ತಿನ್ನದೆ ಸಾಯುತ್ತವೆ. ಮೈತುಂಬ ಕೂದಲಿರುವ ಕಂಬಳಿಹುಳುವನ್ನು ಮಾತ್ರ ಬರಿಗೈಯಲ್ಲಿ ಮುಟ್ಟುವುದು ಬೇಡ.

ಸುರಕ್ಷತೆ ಬಗ್ಗೆ ಬಂದ ಆತಂಕ ನ್ಯಾಯವಾದದ್ದೇ. ಜೇನು, ಕಣಜ ಕುಟುಕಿದರೆ ಅಲರ್ಜಿ ಇರುವವರು ಮೊದಲೇ ತಿಳಿಸಲಿ, ತುರ್ತಿಗೆ ಹಾಕಿಕೊಳ್ಳುವ ಎಪಿನೆಫ್ರಿನ್ ಇಂಜೆಕ್ಷನ್ ಇದ್ದರೆ ಜೊತೆಗೆ ತರಲಿ. ಜೇನು ಕುಟುಕಿದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ. ಹೇಗೆ ತೆಗೆಯಬೇಕು ಅಂತ ಯೋಚಿಸುತ್ತಾ ನಿಲ್ಲದೆ ತಕ್ಷಣ ಕಿತ್ತುಬಿಡಬೇಕು. ಉಣ್ಣೆ ಇರುವ ಜಾಗವಾದರೆ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಮನೆಗೆ ಹೋದ ಮೇಲೆ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ, ನೆತ್ತಿ ಎಲ್ಲ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ.

ಪಿನ್ ಚುಚ್ಚಿ ಕೀಟ ಸಂಗ್ರಹಿಸುವ ಪ್ರಾಜೆಕ್ಟ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ವಯಸ್ಸಿಗೆ ನೋಡಿ ಚಿತ್ರ ಬರೆದರೆ ಸಾಕು. ಬೇರೆ ದೇಶದಿಂದ ವಿಚಿತ್ರ ಹುಳು ತರಿಸಿ ತೋರಿಸೋಣ ಅನ್ನುವ ಸಲಹೆಯೂ ಬೇಡ. ಪರವಾನಗಿ ಇಲ್ಲದೆ ಜೀವಂತ ಕೀಟ ತಂದರೆ ಬಹಳ ಕಡೆ ಕಾನೂನಿನ ತೊಂದರೆ. ಗುರುತಿಸಲು, ಕ್ಯಾಮೆರಾ ಹಿಡಿದರೆ ಜೀವಿಯ ಹೆಸರು ಹೇಳುವ ಸೀಕ್ (Seek) ಆ್ಯಪ್ ಸಾಕು, ಮಕ್ಕಳ ಹೆಸರಲ್ಲಿ ಖಾತೆ ತೆರೆಯುವ ಅಗತ್ಯವಿಲ್ಲ. ಅದು ಖಚಿತವಾಗಿ ಹೇಳದಿದ್ದರೆ ಬಲವಂತ ಮಾಡಬೇಡಿ, ‘ಒಂದು ಬಗೆಯ ಕಣಜ’ ಅಂದರೂ ನಡೆಯುತ್ತದೆ.

ಮಕ್ಕಳ ಜೊತೆ ಇರಲು ಬಂದಿರುವ ಅಜ್ಜ ಅಜ್ಜಿಯರನ್ನು ಖಂಡಿತ ಕರೆತನ್ನಿ. ನಮ್ಮಲ್ಲಿ ಹುಳುಗಳನ್ನು ಹತ್ತಿರದಿಂದ ನೋಡಿ ಬದುಕಿದವರು ಅವರೇ. ಕುರ್ಚಿ ಹಾಕಿ ಮೂಲೆಯಲ್ಲಿ ಕೂರಿಸದೆ, ಒಬ್ಬೊಬ್ಬರಿಗೂ ನಾಲ್ಕೈದು ಮಕ್ಕಳನ್ನು ಒಪ್ಪಿಸೋಣ.

ಪಾರ್ಕ್‌ನಲ್ಲಿ ರಾತ್ರಿ ಇರಲು ಅನುಮತಿ ಕೇಳುವ ಕೆಲಸ ನನಗಿರಲಿ, ಬೆಡ್‌ಶೀಟ್, ಕಂಬ ಕೂಡ ನಾನೇ ತರುತ್ತೇನೆ. ಬಿಳಿ ಕೊಡೆ, ಭೂತಗನ್ನಡಿ ಇರುವವರು ಹೇಳಿ. ಪ್ರಥಮ ಚಿಕಿತ್ಸೆ ಗೊತ್ತಿರುವ ಇಬ್ಬರು ಬೇಕು. ದಿನ ಗೊತ್ತು ಮಾಡುವವರು ಹುಣ್ಣಿಮೆಯ ಆಸುಪಾಸು ಬಿಟ್ಟು ನೋಡಿ, ಮಳೆ ಬಂದರೆ ಅಂತ ಇನ್ನೊಂದು ಶನಿವಾರವನ್ನೂ ಖಾಲಿ ಇಟ್ಟುಕೊಳ್ಳಿ.